ಅಪ್ಪನ ತಲೆ ಮುಟ್ಟಬಾರದು

ಪಾಂಗೈ, ಹಾಪೈ, ಟೊಂಗಾ
4 ಆಗಸ್ಟ್ 1997

ಲೆಸಿಯೆಲಿಗೆ,

ನಿನ್ನ ಅಪ್ಪ ಸಿಡ್ನಿಯ ಆಸ್ಪತ್ರೆಯಲ್ಲಿ ಬಾಯೊಳಗೆ ಕೊಳವೆ ಇಳಿಸಿಕೊಂಡು ಮಲಗಿದ್ದಾನೆ ಅನ್ನುವುದನ್ನು ನನಗೆ ಪಾದ್ರಿಯ ಹೆಂಡತಿ ಹೇಳಬೇಕಾಯಿತು. ಅದೂ ಎಲ್ಲಿ? ಚರ್ಚಿನ ಮೆಟ್ಟಿಲ ಮೇಲೆ, ಹತ್ತಾರು ಜನರ ಎದುರು. "ಅಯ್ಯೋ ಕಲೊಲೈನೆ, ನಿಮಗೆ ಗೊತ್ತೇ ಇರಲಿಲ್ವಾ?" ಅಂತ ಕಣ್ಣರಳಿಸಿ ಕೇಳಿದಳು. ಗೊತ್ತಿತ್ತು ಅಂದೆ. ದೇವರ ಮನೆಯ ಬಾಗಿಲಲ್ಲಿ ನಿಂತು ನನ್ನ ಬಾಯಲ್ಲಿ ಸುಳ್ಳು ಹೇಳಿಸಿದೆ ನೀನು.

ಟೆಲಿಫೋನ್ ಆಫೀಸಿಗೆ ಹೋಗಿ ನಿನಗೆ ಫೋನ್ ಮಾಡಬಹುದಿತ್ತು. ಅಲ್ಲಿ ಕೌಂಟರಿನವಳಿಂದ ಹಿಡಿದು ಬೆಂಚಿನ ಮೇಲೆ ಸುಮ್ಮನೆ ಕೂರಲು ಬರುವವರ ತನಕ ಎಲ್ಲರೂ ಮೈಯೆಲ್ಲಾ ಕಿವಿ ಮಾಡಿಕೊಂಡಿರುತ್ತಾರೆ. ನಮ್ಮ ಮನೆಯ ಮಾತು ಅಲ್ಲಿ ಕೂಗುವಂಥದ್ದಲ್ಲ. ಅದಕ್ಕೇ ಈ ಕಾಗದ.

ಉಸಿರಾಟದ ಯಂತ್ರದ ವಿಷಯ ನಿನಗೆ ಗೊತ್ತು. ಅಂಥ ವಾರ್ಡಿನಲ್ಲೇ ನರ್ಸಾಗಿರುವವಳು ನೀನು. ನನಗೆ ಗೊತ್ತಿರುವುದನ್ನು ನಾನು ಹೇಳುತ್ತೇನೆ. ನಾನು ಟೆವಿಟಾನ ಅಕ್ಕ. ನಿನಗೆ ಸೋದರತ್ತೆ. ಅವನ ಮನೆಯಲ್ಲಿ ಹುಟ್ಟು ಸಾವು ಮದುವೆ ಯಾವುದಕ್ಕೂ ಕೊನೆಯ ಮಾತು ನನ್ನದು. ನಿನ್ನಮ್ಮ ಬದುಕಿದ್ದಾಗಲೂ ನನ್ನದೇ ಇತ್ತು, ಅವಳು ಹೋದ ಮೇಲಂತೂ ಕೇಳಲೇಬೇಡ. ಆಸ್ಟ್ರೇಲಿಯಾಕ್ಕೆ ಹೋದ ಮಾತ್ರಕ್ಕೆ ಇದು ಬದಲಾಗಲಿಲ್ಲ.

ಮತ್ತು ಅವನ ತಲೆ ಮಕ್ಕಳು ಮುಟ್ಟುವಂಥದ್ದಲ್ಲ, ಅವನ ಎಂಜಲೂ ಅಷ್ಟೇ. ಚಿಕ್ಕವಳಿದ್ದಾಗ ನೀನು ಅವನ ತಟ್ಟೆಯಲ್ಲಿ ಉಳಿದ ಗೆಣಸಿನ ಚೂರನ್ನು ಬಾಯಿಗೆ ಹಾಕಿಕೊಂಡಿದ್ದೆ, ನಾನು ಬೆರಳು ಹಾಕಿ ಹೊರಗೆ ತೆಗೆದಿದ್ದೆ. ಮರೆತಿಲ್ಲ ತಾನೆ? ಅಲ್ಲಿ ಬಿಳಿಯರ ನರ್ಸುಗಳಿದ್ದಾರಲ್ಲ, ಅವರು ಮುಖ ಒರೆಸಲಿ, ಬಾಯಿ ತೊಳೆಯಲಿ. ನಿನ್ನ ಕೈ ಅವನ ಎದೆಯಿಂದ ಮೇಲೆ ಹೋಗಕೂಡದು.

ಪ್ರತಿ ಬೆಳಗ್ಗೆ ಅವನಿಗಾಗಿ ಪ್ರಾರ್ಥನೆ ಮಾಡುತ್ತಿದ್ದೇನೆ.

ನಿನ್ನ ಅತ್ತೆ,
ಕಲೊಲೈನೆ


ಮೌಂಟ್ ಡ್ರುಯಿಟ್, ಸಿಡ್ನಿ
14 ಆಗಸ್ಟ್ 1997

ಪೂಜ್ಯ ಅತ್ತೆಗೆ,

ತಿಳಿಸದೆ ಇದ್ದದ್ದು ತಪ್ಪೇ. ಇವತ್ತು ಸರಿಹೋಗುತ್ತಾರೆ, ನಾಳೆ ಸರಿಹೋಗುತ್ತಾರೆ, ಒಳ್ಳೆ ಸುದ್ದಿಯನ್ನೇ ಬರೆಯೋಣ ಅಂತ ಕಾಯುತ್ತಿದ್ದೆ.

ಹಾಸಿಗೆ ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಬಂದ ಜ್ವರವೇ ಅಪ್ಪನಿಗೂ ಬಂದದ್ದು. ಮಲಗಿ ಅಂದರೆ ಕೇಳಲಿಲ್ಲ. ಬ್ಲ್ಯಾಕ್‌ಟೌನಿನಲ್ಲಿ ನಮ್ಮವರದ್ದೊಂದು ಸಾವಾಗಿತ್ತು, ಅಲ್ಲಿ ಮಾತಾಡಬೇಕಿತ್ತು. "ನಾನು ಹೋಗದಿದ್ರೆ ಯಾರು ಮಾತಾಡ್ತಾರೆ? ಆ ಪೆಟ್ರೋಲ್ ಬಂಕಿನವನಾ?" ಅಂತ ನಕ್ಕರು. ಸಾವಿನ ಮನೆಯ ಕ್ರಮದಂತೆ ಸೊಂಟಕ್ಕೆ ಚಾಪೆ ಸುತ್ತಿಕೊಂಡು, ಚಳಿಯಲ್ಲಿ ನೆಲದ ಮೇಲೆ ಕೂತು, ಒಂದು ಗಂಟೆ ಮಾತಾಡಿ ಬಂದರು. ಎಲ್ಲರೂ ಕಣ್ಣೀರು ಹಾಕಿದರಂತೆ. ಮಾರನೆಯ ಬೆಳಗ್ಗೆ ತುಟಿ ನೀಲಿಯಾಗಿತ್ತು. ಶ್ವಾಸಕೋಶದಲ್ಲಿ ನೀರು ತುಂಬಿದೆ. ಈಗ ಯಂತ್ರ ಗಾಳಿ ನೂಕುತ್ತದೆ, ಅಪ್ಪನ ಎದೆ ಏಳುತ್ತದೆ, ಇಳಿಯುತ್ತದೆ. ಅದು ಅವರ ಉಸಿರಲ್ಲ. ಆದರೂ ನೋಡುತ್ತಾ ನಿಂತರೆ ಅವರದೇ ಅನ್ನಿಸಿಬಿಡುತ್ತದೆ.

ನಿಮ್ಮ ಮಾತಿನಂತೆ ನಾನು ತಲೆಯ ಕಡೆ ಹೋಗಿಲ್ಲ. ನನ್ನದೇ ವಾರ್ಡು, ಒಂಬತ್ತು ವರ್ಷದಿಂದ ಕಂಡವರ ಬಾಯಿ ತೊಳೆದಿದ್ದೇನೆ, ಕಂಡವರ ಗಡ್ಡ ಬೋಳಿಸಿ ಕೊಳವೆಯ ಪಟ್ಟಿ ಬದಲಾಯಿಸಿದ್ದೇನೆ. ಈಗ ರಜೆ ಹಾಕಿ ಅಪ್ಪನ ಕಾಲ ಬಳಿ ನಿಂತು ಪಾದಕ್ಕೆ ತೆಂಗಿನೆಣ್ಣೆ ಹಚ್ಚುತ್ತೇನೆ. ಜೊತೆಯ ನರ್ಸ್ ಬ್ರಾನ್‌ವಿನ್ ನಿನ್ನೆ ಅಂದಳು, "ಲೆಸ್, ಮುಖದ ಹತ್ರ ಹೋಗಿ ಮಾತಾಡ್ಸು ಕಣೇ. ಅವ್ರಿಗೆ ಕೇಳ್ಸುತ್ತೆ ಅಂತ ನೀನೇ ಎಲ್ರಿಗೂ ಹೇಳ್ತಿದ್ಯಲ್ಲ." ನನಗೆ ಅಪ್ಪನ ಮೇಲೆ ಪ್ರೀತಿಯಿಲ್ಲ ಅಂದುಕೊಂಡಿರಬೇಕು. ಅಂದುಕೊಳ್ಳಲಿ ಬಿಡಿ.

ಈಗ ಮುಖ್ಯ ವಿಷಯ. ಕೊಳವೆಯನ್ನು ಬಾಯಲ್ಲಿ ಬಹಳ ದಿನ ಬಿಡಬಾರದು, ಅದು ಧ್ವನಿಯ ತಂತುಗಳ ನಡುವೆ ಹಾದುಹೋಗಿರುತ್ತದೆ, ಅವು ಹಾಳಾಗುತ್ತವೆ. ಕುತ್ತಿಗೆಯ ಮುಂಭಾಗದಲ್ಲಿ ಸಣ್ಣ ತೂತು ಮಾಡಿ ಅಲ್ಲಿಂದ ಗಾಳಿ ಕೊಡೋಣ ಅನ್ನುತ್ತಾರೆ ಡಾಕ್ಟರ್ ಹಾರ್ಗ್ರೀವ್. ಆಮೇಲೆ ಮುಚ್ಚಿಬಿಡಬಹುದು, ಮಾತು ಉಳಿಯುತ್ತದೆ. ನಾನು ಸಹಿ ಹಾಕಬೇಕು. ಅತ್ತೆಯನ್ನು ಕೇಳಬೇಕು ಅಂದೆ. "ಅತ್ತೆನಾ? ಮಗಳು ನೀನಲ್ವೇನಮ್ಮಾ?" ಅಂದರು. ಒಂದು ವಾರ ತಡೆಯುತ್ತೇನೆ ಅಂದಿದ್ದಾರೆ, ಮುಖ ಗಂಟಿಕ್ಕಿಕೊಂಡು.

ಅತ್ತೆ, ಒಂದೇ ಒಂದು ಸಲ ಟೆಲಿಫೋನ್ ಆಫೀಸಿಗೆ ಹೋಗಿ. ಇಡೀ ಪಾಂಗೈ ಕೇಳಿಸಿಕೊಂಡರೂ ಪರವಾಗಿಲ್ಲ. "ಆಗಲಿ" ಅನ್ನಿ ಸಾಕು.

ನಿಮ್ಮ,
ಲೆಸಿಯೆಲಿ


ಪಾಂಗೈ
25 ಆಗಸ್ಟ್ 1997

ಲೆಸಿಯೆಲಿಗೆ,

ನಿನ್ನ ಕಾಗದ ವಿಮಾನಕ್ಕೆ ಸಿಗದೆ ಹಡಗಿನಲ್ಲಿ ಬಂತು. ತಡವಾಗಿದ್ದರೆ ಅದು ನನ್ನ ತಪ್ಪಲ್ಲ.

ತಮ್ಮನ ಕುತ್ತಿಗೆ ಕೊಯ್ಯಬೇಕೋ ಬೇಡವೋ ಅನ್ನುವುದನ್ನು ಕೌಂಟರಿನವಳ ಮುಂದೆ ಕಿರುಚಿ ಹೇಳು ಅನ್ನುತ್ತೀಯಾ? ನಿನಗೆ ಅಲ್ಲಿಯ ನೀರು ಚೆನ್ನಾಗಿಯೇ ಹಿಡಿಸಿದೆ.

ಬೇಡ. ಕೊಯ್ಯಕೂಡದು. ನಾವು ಕುತ್ತಿಗೆ ಕೊಯ್ಯುವುದು ಹಂದಿಯದ್ದು. ನಮ್ಮದು ಮಾತಿನ ಮನೆತನ ಕಣೇ. ನಮ್ಮ ದೊರೆ ಸಭೆಯಲ್ಲಿ ತಾವಾಗಿ ಬಾಯಿ ಬಿಡುವುದಿಲ್ಲ, ಅವರ ಮಾತನ್ನು ನಮ್ಮಜ್ಜ ಆಡಿದ, ನಮ್ಮಪ್ಪ ಆಡಿದ, ಟೆವಿಟಾ ಆಡಿದ. ಅಲ್ಲಿ ಅವನು ಹಾಸಿಗೆ ಹೊಲಿಯುತ್ತಿರಬಹುದು, ಆದರೆ ಆ ಪಟ್ಟದ ಹೆಸರು ಅವನದೇ. ಆ ಗಂಟಲಿಗೆ ಕತ್ತಿ ಹಾಕಿಸಲು ನಿನಗೆ ಹಕ್ಕು ಕೊಟ್ಟವರು ಯಾರು? ನಿನ್ನ ಡಾಕ್ಟರಾ?

ಕೊಳವೆ ಎಲ್ಲಿದೆಯೋ ಅಲ್ಲೇ ಇರಲಿ. ನಾನು ಹೇಳುವ ತನಕ.

ಕಲೊಲೈನೆ


ಮೌಂಟ್ ಡ್ರುಯಿಟ್
6 ಸೆಪ್ಟೆಂಬರ್ 1997

ಅತ್ತೆಗೆ,

ನಿಮ್ಮ ಕಾಗದ ಬರುವಷ್ಟರಲ್ಲಿ ಕುತ್ತಿಗೆ ಕೊಯ್ದಾಗಿತ್ತು. ಸಹಿ ನನ್ನದೇ. ಆದರೆ ಯಾಕೆ, ಹೇಗೆ ಅನ್ನುವುದನ್ನು ನೀವು ಪೂರ್ತಿ ಓದಬೇಕು. ಅರ್ಧಕ್ಕೆ ಮಡಚಿಡಬೇಡಿ.

ಡಾಕ್ಟರ್ ಕೊಟ್ಟ ವಾರ ಮುಗಿಯಿತು. ನಾನು ಇನ್ನೂ ಸ್ವಲ್ಪ ಕಾಯಿರಿ ಅಂದೆ. ಫೋನ್ ಬರುತ್ತದೆ ಅಂದುಕೊಂಡಿದ್ದೆ. ಆ ದಿನ ಮಧ್ಯಾಹ್ನ ಅಪ್ಪನಿಗೆ ನಿದ್ದೆಯ ಔಷಧಿ ಕಡಿಮೆ ಮಾಡಿದ್ದರು, ಎಚ್ಚರಾಗುತ್ತಾರೋ ನೋಡೋಣ ಅಂತ. ಕಣ್ಣು ಬಿಟ್ಟರು. ನನ್ನ ಗುರುತು ಹಿಡಿದರು ಅನ್ನಿಸಿತು. ಬ್ರಾನ್‌ವಿನ್‌ಗೆ ಖುಷಿಯಾಗಿ, "ತಗೋ, ಕೈ ಹಿಡ್ಕೋ ನಿಮ್ಮಪ್ಪಂದು" ಅಂತ ಮಂಚಕ್ಕೆ ಕಟ್ಟಿದ್ದ ಅವರ ಬಲಗೈ ಬಿಚ್ಚಿ ನನಗೆ ಕೊಟ್ಟು ಪಕ್ಕದ ರೋಗಿಯ ಕಡೆ ಹೋದಳು.

ಕೈ ನನ್ನ ಕೈಯಿಂದ ಜಾರಿ ಮೇಲೆ ಹೋಯಿತು. ಬಾಯಿಯ ಕಡೆಗೆ. ಇದು ಎಲ್ಲ ರೋಗಿಗಳೂ ಮಾಡುವ ಕೆಲಸ, ಅತ್ತೆ. ಉಸಿರು ಕಟ್ಟಿಸುತ್ತಿರುವುದೇ ಆ ಕೊಳವೆ ಅಂದುಕೊಂಡು ಕಿತ್ತುಹಾಕಲು ನೋಡುತ್ತಾರೆ. ಒಂದು ಕೈಯಲ್ಲಿ ಅವರ ಹಣೆ ಅದುಮಿ ಇನ್ನೊಂದರಲ್ಲಿ ಕೊಳವೆಯನ್ನು ತುಟಿಗೆ ಒತ್ತಿ ಹಿಡಿಯಬೇಕು, ಅಷ್ಟೇ. ನಿದ್ದೆಗಣ್ಣಲ್ಲೂ ಮಾಡಬಲ್ಲೆ. ನನ್ನ ಕೈ ಅಪ್ಪನ ಎದೆಯ ತನಕ ಹೋಯಿತು, ಅಲ್ಲೇ ನಿಂತಿತು. ನೀವು ಎಲ್ಲಿ ಗೆರೆ ಎಳೆದಿದ್ದಿರೋ ಸರಿಯಾಗಿ ಅಲ್ಲಿ.

ಕೊಳವೆ ಜಾರಬಾರದು ಅಂತ ಅದರ ತುದಿಗೆ, ಗಂಟಲ ಒಳಗೆ, ಗಾಳಿ ತುಂಬಿದ ಸಣ್ಣ ಬಲೂನೊಂದು ಇರುತ್ತದೆ. ಅದರ ಗಾಳಿ ಬಿಟ್ಟೇ ಹೊರಗೆ ತೆಗೆಯುತ್ತೇವೆ. ಅಪ್ಪ ಗಾಳಿಯ ಸಮೇತ ಎಳೆದರು. ಅವರ ಕೈ ನಿಮಗೆ ಗೊತ್ತಲ್ಲ, ದೋಣಿ ಎಳೆದ ಕೈ. ಧ್ವನಿಯ ತಂತುಗಳನ್ನು ಹರಿದುಕೊಂಡೇ ಅದು ಹೊರಗೆ ಬಂತು. ಬಾಯಿ ತುಂಬ ರಕ್ತ. ಮತ್ತೆ ಕೊಳವೆ ಇಳಿಸೋಣ ಅಂದರೆ ಗಂಟಲು ಊದಿಕೊಂಡು ದಾರಿಯೇ ಇಲ್ಲ. ಆಗ ಕುತ್ತಿಗೆ ಕೊಯ್ದರು. ನಿಧಾನವಾಗಿ, ಅಂದವಾಗಿ ಅಲ್ಲ. ಓಡಿಬಂದು ಕೊಯ್ದರು.

ಕತ್ತಿಯಿಂದ ಮಾತು ಹೋಯಿತು ಅಂತ ನೀವು ಊರಿಗೆಲ್ಲಾ ಹೇಳುತ್ತೀರಿ, ನನಗೆ ಗೊತ್ತು. ಮಾತು ಹೋದದ್ದು ನಾನು ನಿಮ್ಮ ಮಾತು ಕೇಳಿದ್ದರಿಂದ. ಬೇರೆ ಯಾರ ಅಪ್ಪನಾಗಿದ್ದರೂ ನಾನು ಹಿಡಿದುಬಿಡುತ್ತಿದ್ದೆ.

ಲೆಸಿಯೆಲಿ


ಪಾಂಗೈ
20 ಸೆಪ್ಟೆಂಬರ್ 1997

ಲೆಸಿಯೆಲಿಗೆ,

ನನ್ನ ತಲೆಗೆ ಕಟ್ಟಬೇಡ. ಮುಟ್ಟಬೇಡ ಅಂದಿದ್ದೆ, ನಿಂತು ನೋಡು ಅಂದಿರಲಿಲ್ಲ. ಕೈ ಹಿಡಿಯದವಳು ಬಾಯಿಬಿಟ್ಟು ಕೂಗಬಹುದಿತ್ತು. ಆ ಬಿಳಿ ಹುಡುಗಿ ಪಕ್ಕದಲ್ಲೇ ಇದ್ದಳಲ್ಲ?

ಅವನಿಗೆ ಎಚ್ಚರವಾದ ಮೇಲೆ ಅಕ್ಕ ಕೇಳಿದಳು ಅಂತ ಹೇಳು.

ಕಲೊಲೈನೆ


ಮೌಂಟ್ ಡ್ರುಯಿಟ್
1 ಡಿಸೆಂಬರ್ 1997

ಅತ್ತೆಗೆ,

ಕೂಗಿದೆ. ಬ್ರಾನ್‌ವಿನ್ ಓಡಿಬರುವಷ್ಟರಲ್ಲಿ ಕೊಳವೆ ಅವರ ಕೈಯಲ್ಲಿತ್ತು. ಇನ್ನು ಆ ವಿಷಯ ಬರೆಯುವುದಿಲ್ಲ.

ಅಪ್ಪ ಮನೆಗೆ ಬಂದಿದ್ದಾರೆ. ವಾರ್ಡಿನಿಂದ ಹೊರಡುವ ದಿನ ಡಾಕ್ಟರ್ ಹಾರ್ಗ್ರೀವ್ ನನ್ನ ಭುಜ ತಟ್ಟಿದರು. "ಇಷ್ಟು ದಿನ ಯಂತ್ರದ ಮೇಲಿದ್ದು, ಈ ವಯಸ್ಸಲ್ಲಿ ನಡ್ಕೊಂಡು ಹೋಗೋರು ಎಷ್ಟು ಜನ ಹೇಳು? ನಿಮ್ಮಪ್ಪ ನಮ್ಮ ಗೆಲುವು." ಅವರು ವರ್ಷಕ್ಕೊಮ್ಮೆ ಲೆಕ್ಕ ಹಾಕುತ್ತಾರೆ, ಬದುಕಿದವರು ಇಷ್ಟು, ಸತ್ತವರು ಇಷ್ಟು ಅಂತ. ಅಪ್ಪ ಬದುಕಿದವರ ಕಡೆ. ವಾರ್ಡಿನವರೆಲ್ಲ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ನಾನೂ ಎಷ್ಟು ಜನಕ್ಕೆ ಹಾಗೆ ಚಪ್ಪಾಳೆ ತಟ್ಟಿ ಕಳಿಸಿದ್ದೇನೆ! ಬಾಗಿಲು ದಾಟಿದ ಮೇಲೆ ಅವರಿಗೆ ಏನಾಯಿತು ಅಂತ ಒಬ್ಬರನ್ನೂ ವಿಚಾರಿಸಿರಲಿಲ್ಲ.

ಏನಾಗುತ್ತದೆ ಅಂತ ಈಗ ಗೊತ್ತಾಗಿದೆ. ಗಂಟಲು ಒಳಗೆ ಕೂಡಿಕೊಂಡಿದೆ, ಕುತ್ತಿಗೆಯ ತೂತು ಇನ್ನು ಮುಚ್ಚುವಂತಿಲ್ಲ. ಅಲ್ಲೊಂದು ಚಿಕ್ಕ ಕೊಳವೆ ಇದೆ, ಅದರಲ್ಲೇ ಉಸಿರು. ಧ್ವನಿ ಇಲ್ಲ, ಬರೀ ಗಾಳಿ. ಮೆಟ್ಟಿಲು ಹತ್ತಲಾರರು. ಆಸ್ಪತ್ರೆಯಲ್ಲಿ ತನ್ನನ್ನು ಹಡಗಿನ ತಳದಲ್ಲಿ ಕಟ್ಟಿಹಾಕಿ ಮುಳುಗಿಸುತ್ತಿದ್ದರು ಅಂತ ಈಗಲೂ ನಂಬಿದ್ದಾರೆ. ಚೀಟಿಯಲ್ಲಿ ಬರೆದು ತೋರಿಸಿದರು. ಕೊನೆಗೆ, "ನೀನೂ ಅಲ್ಲೇ ಇದ್ದೆ" ಅಂತ ಬರೆದಿದ್ದರು.

ಜೊತೆಗೆ ಕೂತು ಕವಾ ಬೇರಿನ ರಸ ಕುಡಿಯುವ ಬಳಗದವರು ಒಂದು ಶನಿವಾರ ಬಂದರು. ಅಪ್ಪನ ಜಾಗ ಬಿಟ್ಟು ಸುತ್ತ ಕೂತರು. "ಬಾರಯ್ಯಾ ಟೆವಿಟಾ, ನೀನಿಲ್ದೆ ಆ ಪೆಟ್ರೋಲ್ ಬಂಕಿನವನು ನಮ್ಮ ಪ್ರಾಣ ತಿಂತಾ ಇದಾನೆ!" ಅಂದ ಒಬ್ಬ. ಎಲ್ಲರೂ ನಕ್ಕರು, ಪೆಟ್ರೋಲ್ ಬಂಕಿನವನೂ ನಕ್ಕ. ಅಪ್ಪ ಗೋಡೆ ಕಡೆ ಮುಖ ತಿರುಗಿಸಿದರು. ಮತ್ತೆ ಅವರು ಬರಲಿಲ್ಲ.

ಕೊಳವೆಯನ್ನು ದಿನಾ ತೊಳೆಯಬೇಕು. ನನಗೆ ಮುಟ್ಟಲು ಬಿಡುವುದಿಲ್ಲ. ವಾರಕ್ಕೆರಡು ಸಲ ಹೊರಗಿನಿಂದ ನರ್ಸ್ ಬರುತ್ತಾಳೆ, ಉಳಿದ ದಿನ ಕನ್ನಡಿ ಇಟ್ಟುಕೊಂಡು ತಾವೇ ತೊಳೆಯುತ್ತಾರೆ. ನಾನು ಅಡುಗೆಮನೆಯಲ್ಲಿ ನಿಂತು ಆ ಸದ್ದು ಕೇಳುತ್ತೇನೆ. ಅಂದು ಮುಟ್ಟಲಿಲ್ಲ ಅನ್ನುವ ಸಿಟ್ಟೋ, ಇಂದು ಮುಟ್ಟಲು ಬರುತ್ತೇನೆ ಅನ್ನುವ ಸಿಟ್ಟೋ, ಕೇಳುವ ಧೈರ್ಯವಿಲ್ಲ.

ಊರಿಗೆ ಕಳಿಸು ಅಂತ ಬರೆದು ತೋರಿಸುತ್ತಿದ್ದಾರೆ. ಡಾಕ್ಟರು ಬೇಡ ಅಂದರು. ನಾನೂ ಬೇಡ ಅಂದೆ. ಕೊನೆಯ ಮಾತು ನಿಮ್ಮದಲ್ಲವೇ, ನೀವೇ ಹೇಳಿ.

ಲೆಸಿಯೆಲಿ


ಪಾಂಗೈ
15 ಡಿಸೆಂಬರ್ 1997

ಲೆಸಿಯೆಲಿಗೆ,

ಕಳಿಸು.

ಕಲೊಲೈನೆ


ಪಾಂಗೈ
22 ಫೆಬ್ರುವರಿ 1998

ಲೆಸಿಯೆಲಿಗೆ,

ಟೆವಿಟಾ ಬಂದು ತಿಂಗಳಾಯಿತು. ಅಂಗಳದ ಆಚೆಯ ಸಣ್ಣ ಮನೆಯನ್ನು ಗುಡಿಸಿ, ಹೊಸ ಚಾಪೆ ಹಾಸಿ ಕೊಟ್ಟಿದ್ದೇನೆ. ಹನ್ನೆರಡನೆಯ ವಯಸ್ಸಿನಿಂದ ಅವನೂ ನಾನೂ ಒಂದೇ ಸೂರಿನಡಿ ಮಲಗಿದವರಲ್ಲ, ಅವನು ಮಲಗುವ ಕೋಣೆಗೆ ನಾನು ಕಾಲಿಟ್ಟವಳಲ್ಲ. ಅಕ್ಕ ತಮ್ಮ ಅಂದ ಮೇಲೆ ಆ ಮರ್ಯಾದೆ ಇರಲೇಬೇಕು. ಊಟವನ್ನು ಪಕ್ಕದ ಮನೆಯ ವಾಸಾಳ ಕೈಲಿ ಕಳಿಸುತ್ತೇನೆ. ಕೆಸುವಿನ ಸೊಪ್ಪು, ತೆಂಗಿನಹಾಲು, ಮೆತ್ತಗೆ ಬೇಯಿಸಿ.

ದೊರೆಯ ಮನೆಯಲ್ಲಿ ಸಭೆಯಾಯಿತು. ಅವನನ್ನು ಕರೆದು ಅವನ ಜಾಗದಲ್ಲೇ ಕೂರಿಸಿದರು. ಮಾತು ಬೇರೆಯವನು ಆಡಿದ. ಟೆವಿಟಾ ನೆಟ್ಟಗೆ ಕೂತಿದ್ದನಂತೆ, ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು. ಆ ಬಟ್ಟೆ ಒಳಗೆ ಹೋಗಿ ಹೊರಗೆ ಬರುವುದನ್ನೇ ಎಲ್ಲರೂ ನೋಡುತ್ತಿದ್ದರಂತೆ. ಅವನು ಮನೆಗೆ ಬಂದು ಊಟ ಮಾಡಲಿಲ್ಲ. ನಿನ್ನನ್ನು ಬೈದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಈಗ ನೆಗಡಿ ಹಿಡಿದಿದೆ. ಕನ್ನಡಿ ಮುಂದೆ ಕೈ ನಡುಗುತ್ತದೆ ಅಂತ ವಾಸಾ ಹೇಳಿದಳು. ಆರೋಗ್ಯ ಕೇಂದ್ರದ ನರ್ಸಿಗೆ ಇಡೀ ದ್ವೀಪ ಸುತ್ತುವುದಿದೆ. ಆ ಕೊಳವೆಯನ್ನು ಹೇಗೆ ತೊಳೆಯುವುದು ಬರೆದು ಕಳಿಸು. ವಾಸಾಳಿಗೆ ಹೇಳಿಕೊಡಲು ಕೇಳುತ್ತಿದ್ದೇನೆ.

ಕಲೊಲೈನೆ


ಮೌಂಟ್ ಡ್ರುಯಿಟ್
5 ಮಾರ್ಚ್ 1998

ಅತ್ತೆಗೆ,

ಒಂದರೊಳಗೆ ಒಂದು, ಎರಡು ಕೊಳವೆಗಳಿವೆ. ಹೊರಗಿನದನ್ನು ಮುಟ್ಟಬೇಡಿ. ಒಳಗಿನದನ್ನು ಸ್ವಲ್ಪ ತಿರುಗಿಸಿ ಎಳೆದರೆ ಬರುತ್ತದೆ. ಕುದಿಸಿ ಆರಿಸಿದ ನೀರಿನಲ್ಲಿ ತೊಳೆದು ಮತ್ತೆ ಹಾಕಿ. ನೆಗಡಿಯಲ್ಲಿ ಕಫ ಗಟ್ಟಿಯಾಗಿ ಒಳಗಿನದು ಕಟ್ಟಿಕೊಳ್ಳುತ್ತದೆ. ಅಪ್ಪ ಒಮ್ಮೆಲೇ ಒದ್ದಾಡಿದರೆ, ಮುಖ ಕಪ್ಪಿಟ್ಟರೆ, ಯಾರನ್ನೂ ಕಾಯಬೇಡಿ. ಒಳಗಿನದನ್ನು ಕಿತ್ತು ತೆಗೆಯಿರಿ, ತಕ್ಷಣ ಉಸಿರು ಬರುತ್ತದೆ. ವಿದ್ಯೆ ಬೇಕಿಲ್ಲ. ಯಾರ ಕೈಯಾದರೂ ಆದೀತು.

ವಾಸಾ ಮನೆಯಲ್ಲಿಲ್ಲದ ಹೊತ್ತೂ ಇರುತ್ತದೆ. ಈ ಕಾಗದವನ್ನು ನೀವೂ ಎರಡು ಸಲ ಓದಿ.

ಲೆಸಿಯೆಲಿ


ಪಾಂಗೈ
11 ಮೇ 1998

ಲೆಸಿಯೆಲಿ, ಮಗಳೇ,

ನಿನಗೆ ಫೋನ್ ಮಾಡಿದ್ದು ಕೌಂಟರಿನವಳ ಎದುರೇ. "ಹೋದ" ಅಂದೆ, ಇಟ್ಟುಬಿಟ್ಟೆ. ನೀನು ಬಂದೆ. ದೊಡ್ಡ ಹರಕು ಚಾಪೆ ಸುತ್ತಿಕೊಂಡು, ಒಲೆಯ ಬಳಿ ಎಲ್ಲರಿಗಿಂತ ಕೆಳಗೆ ಕೂತು, ಮಗಳು ಮಾಡಬೇಕಾದ್ದನ್ನೆಲ್ಲ ಮಾಡಿದೆ. ನಾನು ಎತ್ತರದಲ್ಲಿ, ಅವನ ತಲೆಯ ಬಳಿ, ಅಕ್ಕನ ಜಾಗದಲ್ಲಿ ಕೂತಿದ್ದೆ. ಸೂತಕದ ಕೊನೆಯ ದಿನ ಕ್ರಮದಂತೆ ನಿನ್ನ ಜಡೆ ಕತ್ತರಿಸಿದೆ. ಆಗಲೇ ಹೇಳಬೇಕಿತ್ತು. ಕತ್ತರಿ ಕೈಯಲ್ಲಿತ್ತು, ಬಾಯಿ ಬರಲಿಲ್ಲ.

ಅವನು ಹೋದದ್ದು ಭಾನುವಾರ. ವಾಸಾ, ನರ್ಸು, ಇಡೀ ಊರು ಚರ್ಚಿನಲ್ಲಿತ್ತು. ಅವನಿಗೆ ಕೆಮ್ಮು ಜಾಸ್ತಿಯಾಗಿತ್ತು ಅಂತ ನಾನು ಮನೆಯಲ್ಲೇ ಉಳಿದಿದ್ದೆ. ಆಚೆ ಮನೆಯಿಂದ ತಟ್ಟೆ ಬಿದ್ದ ಸದ್ದಾಯಿತು. ಓಡಿದೆ. ಅವನು ಚಾಪೆಯ ಮೇಲೆ ಕೂತು ಕುತ್ತಿಗೆ ಹಿಡಿದುಕೊಂಡಿದ್ದ. ಮುಖ ಕಪ್ಪಿಟ್ಟಿತ್ತು, ನೀನು ಬರೆದ ಹಾಗೇ. ನಿನ್ನ ಕಾಗದ ಎರಡು ಸಲ ಅಲ್ಲ, ಹತ್ತು ಸಲ ಓದಿದ್ದೆ ಕಣೇ. ತಿರುಗಿಸಿ ಎಳೆಯಬೇಕು ಅಂತ ಗೊತ್ತಿತ್ತು.

ಹೊಸ್ತಿಲಲ್ಲಿ ನಿಂತೆ. ಅವನು ನನ್ನ ಕಡೆ ಕೈ ಎತ್ತಿದ. ಬಾ ಅಂದನೋ, ಬರಬೇಡ ಅಂದನೋ, ಇವತ್ತಿಗೂ ತಿಳಿಯದು. ನಾನು ಚರ್ಚಿನ ಕಡೆ ತಿರುಗಿ ಕೂಗಿಕೊಂಡೆ. ಅಲ್ಲಿ ಹಾಡು ನಡೆಯುತ್ತಿತ್ತು. ನಮ್ಮವರ ಹಾಡು ನಿನಗೆ ಗೊತ್ತಲ್ಲ, ಸೂರು ಹಾರಿಹೋಗುವ ಹಾಗೆ. ಯಾರಿಗೆ ಕೇಳಬೇಕು? ಕೂಗಿ ಕೂಗಿ ತಿರುಗಿ ನೋಡುವಾಗ ಅವನು ಮಲಗಿದ್ದ. ಆಮೇಲೆ ಒಳಗೆ ಹೋದೆ. ಸತ್ತ ಮೇಲೆ ಹೋಗಬಹುದಲ್ಲ.

ಕೂಗಬಹುದಿತ್ತಲ್ಲ ಅಂತ ನಿನಗೆ ಬರೆದಿದ್ದೆ ನಾನು.

ನನ್ನ ಕೂದಲನ್ನು ಯಾರೂ ಕತ್ತರಿಸುವುದಿಲ್ಲ. ತಮ್ಮನ ಸಾವಿನಲ್ಲಿ ಅಕ್ಕ ಎಲ್ಲರಿಗಿಂತ ಮೇಲಿನವಳು, ಅವಳು ತಲೆ ಬಗ್ಗಿಸುವಂತಿಲ್ಲ. ಈ ತಲೆ ನನಗೆ ಭಾರವಾಗಿದೆ. ಮುಂದಿನ ವಿಮಾನಕ್ಕೆ ಬಾ. ಬಾಗಿಲು ಹಾಕಿಕೊಳ್ಳೋಣ. ನಾನು ಕೆಳಗೆ ಕೂರುತ್ತೇನೆ, ನೀನು ಕತ್ತರಿಸು. ಊರಿನವರು ಏನು ಬೇಕಾದರೂ ಆಡಿಕೊಳ್ಳಲಿ.

ನಿನ್ನ ಅತ್ತೆ


ಮೌಂಟ್ ಡ್ರುಯಿಟ್
2 ಜೂನ್ 1998

ಅತ್ತೆಗೆ,

ಕೆಲಸಕ್ಕೆ ವಾಪಸಾಗಿದ್ದೇನೆ. ಕಳೆದ ವಾರ ಒಬ್ಬ ಮುದುಕ, ಹೆಸರನ್ನೂ ಇನ್ನೂ ಸರಿಯಾಗಿ ಓದಿರಲಿಲ್ಲ, ಎಚ್ಚರಾಗಿ ಕೊಳವೆಗೆ ಕೈ ಹಾಕಿದ. ನಾನು ಬೆನ್ನು ತಿರುಗಿಸಿ ಔಷಧಿ ಬೆರೆಸುತ್ತಿದ್ದೆ. ಹೇಗೆ ತಿರುಗಿದೆನೋ ಗೊತ್ತಿಲ್ಲ, ನೋಡುವಷ್ಟರಲ್ಲಿ ನನ್ನ ಒಂದು ಕೈ ಅವನ ಹಣೆಯ ಮೇಲಿತ್ತು, ಇನ್ನೊಂದು ತುಟಿಯ ಮೇಲೆ. ಅವನು ಈಗ ಕೂತು ಬ್ರೆಡ್ ತಿನ್ನುತ್ತಾನೆ, ಟೀ ತಣ್ಣಗಿದೆ ಅಂತ ಎಲ್ಲರನ್ನೂ ಬೈಯುತ್ತಾನೆ, ಗಟ್ಟಿಯಾಗಿ. ಅವನ ಮಗಳು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. "ನಿಮ್ಮ ಕೈ ಚೆನ್ನಾಗಿರ್ಲಿ ಕಣ್ರೀ" ಅಂದಳು. ನಾನು ಶೌಚಾಲಯಕ್ಕೆ ಹೋಗಿ ವಾಂತಿ ಮಾಡಿದೆ.

ನೀವು ಹೊಸ್ತಿಲಲ್ಲಿ ನಿಂತದ್ದಕ್ಕೆ ನಾನು ನಿಮ್ಮನ್ನು ಬೈಯಲಾರೆ. ಬೈಯುವ ಬಾಯಿ ನನಗೂ ಇಲ್ಲ. ಆದರೆ ನಾನು ಬರುವುದಿಲ್ಲ, ನಿಮ್ಮ ಕೂದಲು ಕತ್ತರಿಸುವುದಿಲ್ಲ. ಕತ್ತರಿಸಿದರೆ ಹಗುರವಾಗುತ್ತದೆ ಅಂದುಕೊಂಡಿದ್ದೀರಿ. ನೀವು ಕತ್ತರಿಸಿದ ನನ್ನ ಕೂದಲು ಆಗಲೇ ಬೆಳೆದು ಕಿವಿ ದಾಟಿದೆ. ಏನೂ ಹೋಗಲಿಲ್ಲ, ಅತ್ತೆ.

ಲೆಸಿಯೆಲಿ